ಮೊದಲ ಬೇಡ

"ಅಸಿಸ್ಟೆಂಟ್ ಅಂತ ಬರೆದಿದ್ರೆ ಸೊನ್ನೆ. ಇದ್ರಲ್ಲಿ ತಲೆ ಕೆರ್ಕೊಳ್ಳೋಂಥದ್ದು ಏನೂ ಇಲ್ಲ," ಎಂದರು ಮನಾಂಗ್ ಲೂಸಿಂಗ್. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ವೀಸಾದ ಹೊಸ ನಿಯಮ ತೆರೆದಿದ್ದ ಫೋನನ್ನು ತೋಳುದ್ದ ದೂರ ಹಿಡಿದಿದ್ದರು. "ಮಂದೆ ಮ್ಯಾನೇಜರ್ ಆಗಿ ದುಡಿದಿದ್ರೆ ಪಾಯಿಂಟು. ಅಸಿಸ್ಟೆಂಟ್ ಆಗಿ ಜೀವಮಾನವಿಡೀ ಸಗಣಿ ತೊಳೆದಿದ್ರೂ ಸರ್ಕಾರದ ಲೆಕ್ಕದಲ್ಲಿ ನೀನು ಕೆಲಸ ಬಲ್ಲವನಲ್ಲ."

ವಿಂಟನ್ ಎಂಬ ಸಣ್ಣ ಊರಿನ ಚರ್ಚಿನ ಹಿಂದಿನ ಸಭಾಭವನದಲ್ಲಿ ಒಂದು ಕ್ಷಣ ಪಾನ್ಸಿತ್ ಶಾವಿಗೆ ಜಗಿಯುವ ಸದ್ದೂ ನಿಂತಿತು. ಭಾನುವಾರದ ಬಲಿಪೂಜೆ ಮುಗಿದ ಮೇಲೆ ಸುತ್ತಲಿನ ಹಾಲಿನ ಫಾರ್ಮುಗಳ ಫಿಲಿಪಿನೋಗಳೆಲ್ಲ ಅಲ್ಲಿ ಸೇರಿ, ಒಬ್ಬೊಬ್ಬರು ತಂದ ಪಾತ್ರೆ ತೆರೆದು ಉಣ್ಣುವುದು ರೂಢಿ. ಮನಾಂಗ್ ಎಂದರೆ ಅಕ್ಕ. ಲೂಸಿಂಗ್ ಅಲ್ಲಿದ್ದ ಎಲ್ಲರಿಗೂ ಅಕ್ಕ. ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸುವ ಕೆಲಸ ಅವರದು. ನಿಯಮಗಳು ಇಷ್ಟು ಬಿಗಿಯಾಗುವ ಮೊದಲೇ ಕಾಯಂ ವಾಸದ ವೀಸಾ ಗಿಟ್ಟಿಸಿಕೊಂಡು ಕೂತಿದ್ದರಿಂದ, ಉಳಿದವರ ಅಂಕಗಳ ಲೆಕ್ಕ ನೋಡುವಷ್ಟು ನೆಮ್ಮದಿ ಅವರೊಬ್ಬರಿಗೇ ಇತ್ತು.

ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಹಿಂದೆಲ್ಲ ಇಷ್ಟು ವರ್ಷ ದುಡಿದು ಇಷ್ಟು ಸಂಬಳ ಮುಟ್ಟಿದ್ದರೆ ಸಾಕಿತ್ತು, ಈಗ ಹುದ್ದೆಯ ಹೆಸರಿಗೇ ತೂಕ ಬಂತಲ್ಲ ಎಂದು ಒಬ್ಬ ಗೊಣಗಿದ. ತನ್ನ ಹೆಂಡತಿಯ ಬೈಗುಳಕ್ಕೂ ಪಾಯಿಂಟು ಇದ್ದಿದ್ದರೆ ತಾನು ಇಷ್ಟೊತ್ತಿಗೆ ಈ ದೇಶದ ಪ್ರಧಾನಿಯಾಗಿರುತ್ತಿದ್ದೆ ಎಂದು ಇನ್ನೊಬ್ಬ ನಗಿಸಿದ. ಪಾದ್ರಿಯನ್ನು ತಡೆದು, ತಪ್ಪದೆ ಪೂಜೆಗೆ ಬಂದವರಿಗೆ ಮೇಲಿನವನ ಕಡೆಯಿಂದ ಎಷ್ಟು ಅಂಕ ಎಂದು ಕೇಳಿದವರೂ ಇದ್ದರು. ನಗುತ್ತಲೇ ಅವರೆಲ್ಲ ಕಾಗದದ ತಟ್ಟೆಯ ಅಂಚಿನಲ್ಲಿ ಬೆರಳಿಂದ ಏನನ್ನೋ ಕೂಡಿಸಿ ಕಳೆಯುತ್ತಿದ್ದರು.

"ನಮ್ಮಲ್ಲಿ ದಡ ಸೇರೋನು ಡಿಂಡೊ ಒಬ್ಬನೇ," ಎಂದ ಯಾರೋ. "ಅವನು ಮ್ಯಾನೇಜರ್ರು."

ಎಲ್ಲರ ಕಣ್ಣೂ ಮೊದಲು ಡಿಂಡೊನ ಕಡೆ ಹೋಯಿತು, ಅಲ್ಲಿಂದ ರೆನಾಂತೆಯ ಕಡೆ ಬಂತು, ಅಲ್ಲಿ ನಿಲ್ಲಲು ಸಂಕೋಚವಾಗಿ ಶಾವಿಗೆಗೆ ಇಳಿಯಿತು. ಯಾಕೆಂದರೆ ಇಬ್ಬರೂ ಒಂದೇ ಫಾರ್ಮಿನವರು. ಏಳು ವರ್ಷದಿಂದ ಅಲ್ಲಿರುವವನು ರೆನಾಂತೆ. ಡಿಂಡೊ ಬಂದು ಎರಡು ವರ್ಷವಾಗಿತ್ತಷ್ಟೆ. ಹಸುವಿನ ಹಿಂದೆ ನಿಂತು ಒದೆಸಿಕೊಳ್ಳದೆ ಕೆಚ್ಚಲಿಗೆ ಯಂತ್ರ ಹಾಕುವುದು ಹೇಗೆಂದು ಡಿಂಡೊನಿಗೆ ಕಲಿಸಿದವನೂ ರೆನಾಂತೆಯೇ. ಡಿಂಡೊನ ಮಗನ ಜ್ಞಾನಸ್ನಾನದಲ್ಲಿ ಜ್ಞಾನತಂದೆಯಾಗಿ ನಿಂತವನೂ ಅವನೇ. ಅಂದಿನಿಂದ ಅವರು ಒಬ್ಬರಿಗೊಬ್ಬರು 'ಪಾರೆ', ಪಾರೆಯ ಹೆಂಡತಿ 'ಮಾರೆ'. ಅಣ್ಣತಮ್ಮಂದಿರಾದರೂ ಜಗಳವಾಡಿ ಬೇರೆಯಾಗಬಹುದು, ಪಾರೆಗಳು ಹಾಗೆ ಮಾಡುವ ಹಾಗಿಲ್ಲ.

ಡಿಂಡೊ, ಹೆಂಡತಿ ಜೊಸೆಲ್‌ಳ ಪಕ್ಕ ಕೂತು, ತಲೆ ತಗ್ಗಿಸಿಕೊಂಡು ಮಗುವಿನ ಬಾಯಿ ಒರೆಸುತ್ತಿದ್ದ. ಮಗುವಿನ ಬಾಯಲ್ಲಿ ಏನೂ ಅಂಟಿರಲಿಲ್ಲ.

ಮನೆಗೆ ಹೋಗುವಾಗ ಕಾರು ಓಡಿಸಿದವಳು ರೆನಾಂತೆಯ ಹೆಂಡತಿ ಮಾರಿವಿಕ್. ಗಾಳಿ ಪಕ್ಕದಿಂದ ತಳ್ಳುತ್ತಿದ್ದುದರಿಂದ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಹಿಂದಿನ ಸೀಟಿನಲ್ಲಿ ಮಗಳು ಕ್ರಿಸೆಲ್ ಕಿವಿಗೆ ವಯರು ಸಿಕ್ಕಿಸಿಕೊಂಡು ಕೂತಿದ್ದಳು. ಅವರು ಹುಟ್ಟಿದ ನೆಗ್ರೋಸ್ ದ್ವೀಪದ ಇಲೊಂಗೊ ಮಾತೇ ಹಾಗೆ: ಬೈದರೂ ಮಗುವಿಗೆ ಜೋಗುಳ ಹಾಡಿದ ಹಾಗೆ ಕೇಳುತ್ತದೆ. ಮಾರಿವಿಕ್ ಅಂಥ ಜೋಗುಳದಲ್ಲೇ ಕೇಳಿದಳು, "ಬೇಡ ಅನ್ನು ಅಂತ ನಿನಗೆ ಯಾರು ಹೇಳಿಕೊಟ್ರು, ನೊಯ್?"

ಗಂಡಹೆಂಡಿರು ಒಬ್ಬರನ್ನೊಬ್ಬರು ಮುದ್ದಿನಿಂದ ಕರೆಯುವುದು ನೊಯ್, ಇಂದಾಯ್ ಎಂದು. ರೆನಾಂತೆ ಕಿಟಕಿಯ ಗಾಜು ಮೇಲೇರಿಸಿದ.

"ನಾನು ಸುಮ್ನೆ ಕೇಳ್ತಿದೀನಿ. ಗ್ರೇಮ್ ಬಂದು ಮ್ಯಾನೇಜರ್ ಆಗ್ತೀಯಾ ಅಂದ. ನೀನು ಬೇಡ ಅಂದೆ. ಯಾಕೆ?"

"ಯಾಕೆ ಅಂತ ನಿನಗೆ ಗೊತ್ತಲ್ಲ, ಇಂದಾಯ್."

"ಗೊತ್ತು. ನನಗೆ ಗೊತ್ತು, ನಿಮ್ಮಮ್ಮಂಗೆ ಗೊತ್ತು, ಇಡೀ ನೆಗ್ರೋಸಿಗೆ ಗೊತ್ತು. ಗ್ರೇಮ್‌ಗೆ ಗೊತ್ತಿತ್ತಾ?"

ಆ ಸಂಗತಿ ನಡೆದದ್ದು ಹೋದ ವರ್ಷ ಇದೇ ಕಾಲದಲ್ಲಿ. ಹಳೆಯ ಮ್ಯಾನೇಜರ್ ಕೆಲಸ ಬಿಟ್ಟಿದ್ದ. ಈ ದೇಶದ ಹಾಲಿನವರಿಗೆ ಜೂನ್ ಒಂದನೆಯ ತಾರೀಖೇ ಹೊಸ ವರ್ಷ. ಆಳುಗಳು ಬದಲಾಗುವುದು, ಒಪ್ಪಂದ ಹೊಸದಾಗುವುದು, ಮಂದೆಗಳು ರಸ್ತೆಯ ಮೇಲೆ ಒಂದು ಫಾರ್ಮಿನಿಂದ ಇನ್ನೊಂದಕ್ಕೆ ನಡೆದು ಹೋಗುವುದು, ಎಲ್ಲ ಅಂದೇ. ಅದಕ್ಕೆ ಮುಂಚೆ ಒಂದು ಸಂಜೆ ಫಾರ್ಮಿನ ಒಡೆಯ ಗ್ರೇಮ್ ಗೇಟಿನ ಹತ್ತಿರ ಬೈಕು ನಿಲ್ಲಿಸಿ, ಎಂಜಿನ್ನನ್ನೂ ಆರಿಸದೆ, ಮಂದೆಯನ್ನು ನೀನು ನೋಡಿಕೊಳ್ಳುತ್ತೀಯಾ ಎಂದು ಕೇಳಿದ್ದ. ರೆನಾಂತೆಗೆ ಆ ಕೆಲಸ ಬೇಕಿತ್ತು. ಅವನು ತಲೆ ತಗ್ಗಿಸಿ ನಕ್ಕು, ಅಯ್ಯೋ ಬೇಡ ಬಾಸ್, ನನಗೆಲ್ಲಿ ಅಷ್ಟು ಬುದ್ಧಿ, ಡಿಂಡೊ ಓದಿದವನು, ಚುರುಕಾಗಿದ್ದಾನೆ, ಅವನಿಗೆ ಕೊಡಿ ಎಂದಿದ್ದ.

ಮರ್ಯಾದಸ್ಥ ಮನುಷ್ಯ ಇನ್ನೇನು ಹೇಳಬೇಕಿತ್ತು? ಅವನ ಊರಿನಲ್ಲಿ ಯಾರ ಮನೆಯ ಮುಂದೆ ಹಾದು ಹೋದರೂ, ಒಳಗೆ ಉಣ್ಣುತ್ತಿರುವವರು 'ಬಾ, ಊಟ ಮಾಡು' ಎನ್ನುತ್ತಾರೆ. ಹಾದು ಹೋಗುವವನು, ಹೊಟ್ಟೆ ಬೆನ್ನಿಗೆ ಹತ್ತಿದ್ದರೂ, ಈಗಷ್ಟೇ ಆಯಿತು ಎನ್ನುತ್ತಾನೆ. ಅದು ಮೊದಲನೆಯ ಸಲ. ಎರಡನೆಯ ಸಲ ಕರೆದಾಗಲೂ ಬೇಡ ಎಂದು ಒಂದು ಹೆಜ್ಜೆ ಮುಂದೆ ಇಡುತ್ತಾನೆ. ಕರೆದವರಿಗೆ ನಿಜವಾಗಿ ಮನಸ್ಸಿದ್ದರೆ ಮೂರನೆಯ ಸಲ ಕರೆಯುತ್ತಾರೆ, ಆಗ ಚಪ್ಪಲಿ ಬಿಟ್ಟು ಒಳಗೆ ಹೋಗುವುದು. ಒಂದನೆಯ ಕರೆಗೇ ಒಳಗೆ ನುಗ್ಗಿದವನನ್ನು ಊರು ಅವನ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತದೆ. ಹಾಗಾಗಿ ರೆನಾಂತೆ ಗೇಟಿನ ಚಿಲಕ ಹಿಡಿದು ಎರಡನೆಯ ಸಲಕ್ಕೆ ಕಾದ.

"ಸರಿ ಹಾಗಾದರೆ," ಎಂದಿದ್ದ ಗ್ರೇಮ್, ಬಹಳ ಸ್ನೇಹದಿಂದಲೇ. ಬೈಕು ಹೊರಟುಹೋಗಿತ್ತು.

ಮಾರಿವಿಕ್‌ಗೆ ಗೊತ್ತಿದ್ದದ್ದು ಇಷ್ಟು. ಆಮೇಲೆ ನಡೆದದ್ದನ್ನು ರೆನಾಂತೆ ಅವಳಿಗೆ ಹೇಳಿರಲಿಲ್ಲ. ಅದೇ ಮರುದಿನ, ಕರುಗಳ ಕೊಟ್ಟಿಗೆಯ ಹಿಂದೆ, ಡಿಂಡೊ ಬಂದು ನಿಂತಿದ್ದ. ಪಾರೆ, ಗ್ರೇಮ್ ನನ್ನನ್ನು ಕೇಳಿದ, ಇದು ನಿನ್ನದು, ನೀನೇ ತಗೋ ಎಂದಿದ್ದ. ರೆನಾಂತೆಯ ಬಾಯಿ ಅಭ್ಯಾಸಬಲದಿಂದ ಇನ್ನೊಮ್ಮೆ, ಛೆ, ಬೇಡ, ನಿನಗೆ ಚಿಕ್ಕ ಮಗು ಇದೆ, ತಗೋ ಎಂದಿತ್ತು. ಗ್ರೇಮ್‌ಗೆ ತಿಳಿಯದಿದ್ದರೂ ಡಿಂಡೊನಿಗೆ ತಿಳಿಯುತ್ತದೆ, ಅವನು ಇಲೊಂಗೊ, ಇನ್ನೊಂದು ಸಲ ಕೇಳುತ್ತಾನೆ ಎಂದು ಅವನು ಕಾದ. ಡಿಂಡೊ ಸ್ವಲ್ಪ ಹೊತ್ತು ಕರುಗಳನ್ನು ನೋಡಿದ. ಆಮೇಲೆ ಥ್ಯಾಂಕ್ಸ್ ಪಾರೆ ಎಂದು ಹೇಳಿ ಹೋದ.

ಒಂದು ವರ್ಷ ಅದು ಅಂಥ ದೊಡ್ಡ ವಿಷಯವೇನೂ ಆಗಿರಲಿಲ್ಲ. ಸಂಬಳದಲ್ಲಿ ಒಂದಿಷ್ಟು ಹೆಚ್ಚುಕಡಿಮೆ, ಅಷ್ಟೆ. ಇಬ್ಬರೂ ಒಟ್ಟಿಗೆ ಹಾಲು ಕರೆದರು, ಒಟ್ಟಿಗೆ ಬೇಲಿ ಕಟ್ಟಿದರು, ಯಾರು ಮ್ಯಾನೇಜರ್ ಎಂಬುದು ನಾಲ್ಕು ಚಕ್ರದ ಬೈಕನ್ನು ಓಡಿಸುವವರು ಯಾರು, ಹಿಂದೆ ಕೂರುವವರು ಯಾರು ಎಂಬುದರಲ್ಲಷ್ಟೇ ಗೊತ್ತಾಗುತ್ತಿತ್ತು. ಈಗ ನಿಯಮ ಬದಲಾಗಿ ಎಲ್ಲವೂ ಬೇರೆಯಾಯಿತು. ರೆನಾಂತೆಯ ಕೆಲಸದ ವೀಸಾ ಮುಂದಿನ ವರ್ಷ ಜುಲೈಯಲ್ಲಿ, ಇಲ್ಲಿಯ ಚಳಿಗಾಲದ ನಡುವೆ, ಮುಗಿಯುತ್ತದೆ. ಈ ಸಲ ಅದನ್ನು ಮುಂದುವರಿಸುವಂತಿಲ್ಲ. ಕಾಯಂ ವಾಸ ಸಿಗದಿದ್ದರೆ ಮನೆ ಖಾಲಿ ಮಾಡಿ ಮೂವರೂ ಹೊರಡಬೇಕು. ಈ ಜೂನ್‌ನಿಂದ ಒಂದು ವರ್ಷ ಮಂದೆ ಮ್ಯಾನೇಜರ್ ಎಂಬ ಹೆಸರಿನಲ್ಲಿ ದುಡಿದರೆ ಕಡಿಮೆ ಬಿದ್ದ ಅಂಕಗಳು ಬಂದು ಸೇರುತ್ತವೆ. ಮನಾಂಗ್ ಲೂಸಿಂಗ್ ಎರಡು ಸಲ ಕೂಡಿಸಿ ನೋಡಿ ಹೇಳಿದ್ದರು. ಒಂದು ವರ್ಷ ಸಾಕು. ಈ ದೇಶದಲ್ಲಿ ಕಳೆದ ಕಾಲ ಕಡಿಮೆಯಾದ್ದರಿಂದ ಡಿಂಡೊನಿಗೆ ಇನ್ನೂ ಎರಡು ವರ್ಷ ಆ ಹುದ್ದೆ ಬೇಕು. ಆದರೆ ಗ್ರೇಮ್‌ನ ಫಾರ್ಮಿನಲ್ಲಿ ಇರುವುದು ಒಂದೇ ಮಂದೆ, ಒಂದೇ ಕುರ್ಚಿ. ಬೇರೆ ಫಾರ್ಮುಗಳಿಗೆ ರೆನಾಂತೆ ಫೋನು ಮಾಡಿದ. ಈಗಾಗಲೇ ಮ್ಯಾನೇಜರ್ ಆಗಿ ದುಡಿದ ಅನುಭವ ಇದೆಯೇ ಎಂದು ಎಲ್ಲರೂ ಕೇಳಿದರು.

ಸೋಮವಾರದಿಂದ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಹಾಕಿದ ಗೇಟನ್ನು ಹಾಕಿದೆಯೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಹೋಗಿ ನೋಡಿದ. ತೊಳೆದ ಗಂಬೂಟನ್ನೇ ಮತ್ತೆ ತೊಳೆದ. ದಕ್ಷಿಣದ ಚಳಿಗಾಳಿ ಏಳುವ ಮೊದಲು ಹಸುಗಳೂ ಹೀಗೇ ಮಾಡುತ್ತವೆ: ಮೇವಿಗೆ ಬಾಯಿ ಹಾಕುತ್ತವೆ, ಬಿಡುತ್ತವೆ, ಬೇಲಿಯುದ್ದಕ್ಕೂ ಓಡಾಡುತ್ತವೆ. ಉಣ್ಣಲು ಕೂತರೆ ಮಾರಿವಿಕ್ ಏನೂ ಹೇಳದೆ ಅನ್ನ ಬಡಿಸುತ್ತಿದ್ದಳು. ಅವಳು ಏನಾದರೂ ಅಂದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಗ್ರೇಮ್‌ನನ್ನು ಕೇಳಬೇಕು ಎನ್ನುವುದು ಅವನಿಗೂ ಗೊತ್ತಿತ್ತು. ಆದರೆ ಹುಟ್ಟಿದಾಗಿನಿಂದ ಅವನು ಯಾರನ್ನೂ ನೇರವಾಗಿ ಏನನ್ನೂ ಕೇಳಿದವನಲ್ಲ. ಕಬ್ಬಿನ ಗದ್ದೆಯ ಒಡೆಯನ ಮುಂದೆ ಅವನ ಅಪ್ಪ ನಿಂತು, ಈ ಸಲ ಮಳೆ ಬಹಳ ಧಣಿ, ಮನೆ ಸೋರುತ್ತೆ ಎಂದರೆ ಸಾಕಿತ್ತು. ಒಡೆಯ ತಗಡಿನ ಶೀಟು ಬೇಕಾ ಎಂದು ತಾನೇ ಕೇಳುತ್ತಿದ್ದ, ಅಪ್ಪ ಎರಡು ಸಲ ಬೇಡ ಎಂದು ಮೂರನೆಯ ಸಲಕ್ಕೆ ಹೊತ್ತುಕೊಂಡು ಬರುತ್ತಿದ್ದ. ಆ ದಾರಿಯೊಂದೇ ರೆನಾಂತೆಗೆ ಗೊತ್ತಿದ್ದದ್ದು.

ಮಂಗಳವಾರ ಬೆಳಗಿನ ಹಾಲು ಮುಗಿದು, ಶೆಡ್ಡಿನ ಪಕ್ಕದ ಕೋಣೆಯಲ್ಲಿ ಚಹಾ ಕುಡಿಯುವಾಗ ಅವನು, "ಕ್ರಿಸೆಲ್‌ಗೆ ಈ ಶಾಲೆ ಬಹಳ ಇಷ್ಟ, ಬಾಸ್," ಎಂದ.

"ಒಳ್ಳೆ ಶಾಲೆ," ಎಂದ ಗ್ರೇಮ್, ಬಿಸ್ಕತ್ತು ಅದ್ದುತ್ತ.

ಅದರ ಮರುದಿನ, ಮಾರಿವಿಕ್ ಹಿತ್ತಲಲ್ಲಿ ಬೆಳ್ಳುಳ್ಳಿ ನೆಡಬೇಕು ಅಂತಿದ್ದಾಳೆ, ಆದರೆ ಕೀಳುವ ಹೊತ್ತಿಗೆ ಯಾರು ಇರುತ್ತಾರೋ ಯಾರಿಗೆ ಗೊತ್ತು ಎಂದ. ಈ ಮಣ್ಣಿಗೆ ಬೆಳ್ಳುಳ್ಳಿ ಚೆನ್ನಾಗಿ ಬರುತ್ತದೆ ಎಂದು ಗ್ರೇಮ್ ಹುರಿದುಂಬಿಸಿದ. ಮೂರನೆಯ ದಿನ ರೆನಾಂತೆ ಬೆವರುತ್ತ, ಮುಂದಿನ ಚಳಿಗಾಲದಲ್ಲಿ ನಾವು ಇಲ್ಲಿರುತ್ತೇವೋ ಇಲ್ಲವೋ ಎಂದಾಗ ಮಾತ್ರ ಗ್ರೇಮ್ ಚಹಾದ ಲೋಟ ಕೆಳಗಿಟ್ಟ.

"ಯಾರು ಕರೀತಿದಾರೆ ನಿನ್ನ? ಎಷ್ಟು ಕೊಡ್ತೀನಿ ಅಂತಿದಾರೆ?"

"ಯಾರೂ ಕರೀತಿಲ್ಲ, ಬಾಸ್."

"ಮತ್ತೆ ಹೋಗ್ತೀನಿ ಅಂತೀಯಲ್ಲ?"

ಆಗ ರೆನಾಂತೆ ಎಲ್ಲವನ್ನೂ ಹೇಳಿದ. ಹೊಸ ನಿಯಮ, ಬೇಕಾದ ಒಂದು ವರ್ಷ, ಮ್ಯಾನೇಜರ್ ಎಂಬ ಹೆಸರು, ಬೇರೆ ಫಾರ್ಮುಗಳು ಒಪ್ಪದ್ದು. ಹೇಳುವಾಗ ಅವನ ಕಣ್ಣು ಪೂರ್ತಿ ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನ ಗೂಳಿಯ ಮೇಲೆ ಇತ್ತು. ಗ್ರೇಮ್ ಕೆಟ್ಟವನಲ್ಲ. ಕೇಳುತ್ತ ಕೇಳುತ್ತ ಅವನ ಹುಬ್ಬು ಮೇಲಕ್ಕೇರಿತು.

"ಆದ್ರೆ ನಾನು ನಿನ್ನನ್ನೇ ಮೊದ್ಲು ಕೇಳಿದ್ದು. ಗೇಟ್ ಹತ್ರ. ನೀನು ಬೇಡ ಅಂದೆ."

"ಹೌದು ಬಾಸ್."

"ಬೇಕಿತ್ತಾ ನಿನಗೆ?"

"ಬೇಕಿತ್ತು ಬಾಸ್."

"ಮತ್ತೆ ಬೇಡ ಅಂತ ಯಾಕೆ ಅಂದೆ, ಮಾರಾಯ?"

ಇವನಿಗೆ ಎಲ್ಲಿಂದ ಶುರುಮಾಡಿ ಹೇಳುವುದು, ಊಟಕ್ಕೆ ಕರೆಯುವುದರಿಂದಲೇ? ಕೊನೆಗೆ, "ಅದು ಮೊದಲ್ನೇ ಬೇಡ, ಬಾಸ್," ಎಂದ.

"ಬೇಡಕ್ಕೂ ನಂಬರ್ ಇರುತ್ತಾ?"

"ನಮ್ಮಲ್ಲಿ ಇರುತ್ತೆ."

ಗ್ರೇಮ್ ಟೋಪಿ ತೆಗೆದು ತಲೆ ಸವರಿಕೊಂಡ. ಆಮೇಲೆ ತನ್ನ ಕಡೆಯಿಂದ ಆಗುವುದನ್ನು ಬಿಡಿಸಿ ಹೇಳಿದ. ತಾನು ಕೊಟ್ಟದ್ದನ್ನು ಡಿಂಡೊನಿಂದ ಕಿತ್ತುಕೊಳ್ಳಲಾರ, ಅವನು ತಪ್ಪೇನೂ ಮಾಡಿಲ್ಲ. ಇಬ್ಬರು ಮ್ಯಾನೇಜರನ್ನು ಇಟ್ಟುಕೊಳ್ಳುವಷ್ಟು ದೊಡ್ಡ ಫಾರ್ಮೂ ಇದಲ್ಲ. ಡಿಂಡೊ ತಾನಾಗಿ ಒಪ್ಪಿದರೆ ಮಾತ್ರ, ಜೂನ್ ಒಂದಕ್ಕೆ ಒಪ್ಪಂದದಲ್ಲಿ ಹೆಸರು ಅದಲುಬದಲು ಮಾಡಿ ಬರೆಯುತ್ತಾನೆ. ಡಿಂಡೊನ ವೀಸಾಕ್ಕೆ ಇನ್ನೂ ಕಾಲ ಇದೆಯಲ್ಲ, ಹೋಗಿ ಕೇಳು ಎಂದ. ಈ ಜನಕ್ಕೆ ಹೋಗಿ ಕೇಳುವುದು ಎಂದರೆ ಚಹಾಕ್ಕೆ ಸಕ್ಕರೆ ಹಾಕಿಕೊಂಡಷ್ಟು ಸುಲಭ.

ಕೇಳುವುದು ಹೇಗೆ? ಪಾರೆ ಕೇಳಿದರೆ ಪಾರೆ ಇಲ್ಲ ಎನ್ನುವಂತಿಲ್ಲ. ಇಲ್ಲ ಎನ್ನಲಾರದವನನ್ನು ಕೇಳುವುದು ಎಂದರೆ ಜೇಬಿಗೆ ಕೈ ಹಾಕಿದ ಹಾಗೆ. ಆ ಮಧ್ಯಾಹ್ನ ಇಬ್ಬರೂ ಅಕ್ಕಪಕ್ಕ ನಿಂತು ಹಾಲು ಕರೆದರು. ತಿರುಗುವ ಕಟ್ಟೆಯ ಮೇಲೆ ಹಸುಗಳು ಒಂದೊಂದಾಗಿ ಹತ್ತಿ, ಸುತ್ತು ಮುಗಿಸಿ, ಇಳಿದು ಹೋದವು. ಒಂದರ ಕೆಚ್ಚಲು ಬಾತಿದೆ ನೋಡು ಎಂದು ಡಿಂಡೊ ಹೇಳಿದ. ನೋಡಿದೆ ಎಂದು ರೆನಾಂತೆ ಹೇಳಿದ. ಹಿಂದೆಲ್ಲ ಡಿಂಡೊ ಹಾಡುತ್ತಿದ್ದ, ಅವನ ಅಪಸ್ವರಕ್ಕೆ ಹಸುಗಳು ಹಾಲು ಏರಿಸಿಕೊಳ್ಳುತ್ತವೆ ಎಂದು ರೆನಾಂತೆ ಬೈಯುತ್ತಿದ್ದ. ಆ ವಾರ ಹಾಡೂ ಇರಲಿಲ್ಲ, ಬೈಗುಳವೂ ಇರಲಿಲ್ಲ.

ಮನೆಯಲ್ಲಿ ಮಾರಿವಿಕ್, "ಡಿಂಡೊನನ್ನು ಕೇಳಿದ್ಯಾ?" ಎಂದಳು. ಇಲ್ಲ ಎಂದ. "ನಾನು ಕೇಳ್ಲಾ?" ಎಂದಳು. ಬೇಡ ಎಂದ. ಅವಳು ಅವನ ಮುಖವನ್ನೇ ನೋಡಿ, "ಇದು ಎಷ್ಟನೇ ಬೇಡ?" ಎಂದಳು. ಗ್ರೇಮ್‌ನ ಜೊತೆ ಆದ ಮಾತನ್ನು ಅವನೇ ಅವಳಿಗೆ ಹೇಳಿ ತಪ್ಪು ಮಾಡಿದ್ದ.

ಶನಿವಾರ ಗ್ರೇಮ್‌ಗೇ ತಡೆಯಲಾಗಲಿಲ್ಲವೋ ಏನೋ. ಬೆಳಗ್ಗೆ ಬೇಲಿ ರಿಪೇರಿಗೆ ಹೋದಾಗ ಡಿಂಡೊನಿಗೆ ಎಲ್ಲವನ್ನೂ ಹೇಳಿಬಿಟ್ಟಿದ್ದ. ರೆನಾಂತೆಗೆ ಅದು ತಿಳಿಯದು. ಅವನು ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಿದ್ದ. ಇನ್ವರ್ಕಾರ್ಗಿಲ್ ಪೇಟೆಯ ಏಷ್ಯಾದವರ ಅಂಗಡಿಯಲ್ಲಿ ಸಿಗುವ ಮಂಜುಗಟ್ಟಿದ ಎಳೆ ಹಲಸು, ತೊಗರಿಕಾಳು, ಹಂದಿಮಾಂಸ ಹಾಕಿ ಮಾರಿವಿಕ್ ಹುಳಿ ಮಾಡಿದ್ದಳು. ಅದರ ಮೇಲೆ ಒಣಮೀನು ಹುರಿದ ವಾಸನೆ. ಕ್ರಿಸೆಲ್ ಗೆಳತಿಯ ಮನೆಗೆ ಹೋಗಿದ್ದಳು. ಹಿಂದಿನ ಬಾಗಿಲ ಹತ್ತಿರ ಗಂಬೂಟು ಕಳಚುವ ಸದ್ದಾಯಿತು. ಡಿಂಡೊ ಕಾಲುಚೀಲದಲ್ಲಿ ಒಳಗೆ ಬಂದು ಬಾಗಿಲ ಹತ್ತಿರವೇ ನಿಂತ.

"ಬಾ, ಊಟ ಮಾಡು," ಎಂದಳು ಮಾರಿವಿಕ್.

"ಈಗಷ್ಟೇ ಆಯ್ತು, ಮಾರೆ," ಎಂದ ಡಿಂಡೊ.

"ಹೌದಾ? ಸರಿ," ಎಂದು ಮಾರಿವಿಕ್ ಅನ್ನದ ಪಾತ್ರೆಗೆ ಮುಚ್ಚಳ ಮುಚ್ಚಿದಳು.

ಮುಚ್ಚಳ ಬಿದ್ದ ಸದ್ದಿಗೆ ರೆನಾಂತೆಯ ಕೈ ತಟ್ಟೆಯ ಮೇಲೇ ನಿಂತಿತು. ಹದಿನಾರು ವರ್ಷದ ಸಂಸಾರದಲ್ಲಿ ಅವಳು ಯಾರಿಗೂ ಹೀಗೆ ಮಾಡಿದ್ದನ್ನು ಅವನು ಕಂಡಿರಲಿಲ್ಲ. ಕರೆಂಟು ರೀಡಿಂಗು ತೆಗೆದುಕೊಳ್ಳಲು ಬಂದವನನ್ನೂ ಮೂರು ಸಲ ಕರೆದವಳು ಅವಳು. ಕಪಾಳಕ್ಕೆ ಹೊಡೆದಿದ್ದರೆ ಡಿಂಡೊನ ಮುಖ ಅಷ್ಟು ಕೆಂಪಾಗುತ್ತಿರಲಿಲ್ಲ. ಅವನು ಕೈಯಲ್ಲಿದ್ದ ಉಣ್ಣೆಯ ಟೋಪಿಯನ್ನು ಹಿಂಡಿದ, ಬಿಟ್ಟ, ಮತ್ತೆ ಹಿಂಡಿದ. ಹೊರಗೆ ಗಾಳಿ ನೀರಿನ ಟ್ಯಾಂಕಿನ ತಗಡನ್ನು ಬಡಿಯುತ್ತಿತ್ತು.

"ಗ್ರೇಮ್ ಹೇಳ್ದ," ಎಂದ ಡಿಂಡೊ.

"ಅವನು ಯಾಕೆ ಹೇಳೋಕೆ ಹೋದ," ಎಂದ ರೆನಾಂತೆ. "ಅದೇನೂ ದೊಡ್ಡದಲ್ಲ, ಪಾರೆ. ಬೇರೆ ಕಡೆ ನೋಡ್ತಿದೀನಿ."

"ಎಲ್ಲೂ ಇಲ್ಲ ಅಂತ ಅವನು ಅದನ್ನೂ ಹೇಳ್ದ."

"ಇಲ್ಲ ಅಂದ್ರೆ ಊರಿಗೆ ಹೋಗ್ತೀವಿ," ಎಂದಳು ಮಾರಿವಿಕ್, ಜೋಗುಳದ ದನಿಯಲ್ಲೇ. "ಕಬ್ಬು ಕಡಿಯೋದು ಇವನೇನೂ ಮರೆತಿಲ್ಲ. ನೀನು ಕೂತ್ಕೋ ಡಿಂಡೊ, ಮ್ಯಾನೇಜರ್‌ನ ನಿಲ್ಲಿಸಿ ಮಾತಾಡಿಸ್ಬಾರ್ದು."

ಡಿಂಡೊ ಕೂರಲಿಲ್ಲ. "ಮಾರೆ, ನಿನಗೆ ಒಂದು ವಿಷಯ ಗೊತ್ತಿಲ್ಲ. ಇವನು ನಿನಗೆ ಹೇಳಿರಲ್ಲ, ಹೇಳೋ ಪೈಕಿ ಅಲ್ಲ."

"ಅದೆಲ್ಲ ಈಗ ಯಾಕೆ," ಎಂದ ರೆನಾಂತೆ.

"ಗ್ರೇಮ್ ನನ್ನ ಕೇಳಿದ ಮಾರನೇ ದಿನ ನಾನು ಇವನ ಹತ್ರ ಬಂದಿದ್ದೆ. ಕರು ಕೊಟ್ಟಿಗೆ ಹಿಂದೆ. ಇದು ನಿನ್ನದು, ತಗೋ ಅಂದೆ. ಬೇಡ, ನೀನೇ ತಗೋ ಅಂದ."

ಮಾರಿವಿಕ್ ಗಂಡನ ಕಡೆ ತಿರುಗಿದಳು. ರೆನಾಂತೆ ಮೀನಿನ ಮುಳ್ಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುತ್ತಿದ್ದ.

"ಗ್ರೇಮ್‌ಗೆ ತಿಳೀಲಿಲ್ಲ, ಅವನ ತಪ್ಪಲ್ಲ," ಎಂದ ಡಿಂಡೊ. "ನನಗೆ ತಿಳೀತು. ನೀನು ಬೇಡ ಅಂದದ್ದು ಬೇಡ ಅಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು, ಪಾರೆ. ನಾವಿಬ್ರೂ ಒಂದೇ ಕಡೆ ಹುಟ್ಟಿದವರು. ಇನ್ನೊಂದು ಸಲ ಕೇಳಿದ್ರೆ ನೀನು ಹೂಂ ಅಂತಿದ್ದೆ." ಅವನು ಟೋಪಿಯನ್ನು ಹಿಂಡುವುದು ನಿಲ್ಲಿಸಿದ. "ಅದಕ್ಕೇ ಕೇಳ್ಲಿಲ್ಲ."

ಒಲೆಯ ಮೇಲೆ ಹುಳಿ ಸಣ್ಣಗೆ ಕುದಿಯುತ್ತಿತ್ತು, ಮಾರಿವಿಕ್ ಎದ್ದು ಅದನ್ನು ಆರಿಸಿದಳು. ಆರಿಸಿ ಅಲ್ಲೇ ಬೆನ್ನು ಮಾಡಿ ನಿಂತಳು.

ರೆನಾಂತೆಗೆ ವಿಚಿತ್ರವಾಗಿ ಮೊದಲು ಅನ್ನಿಸಿದ್ದು ಹಗುರ. ವರ್ಷವಿಡೀ ಅವನು ಡಿಂಡೊನಿಗೆ ಮರೆತುಹೋಗಿರಬೇಕು ಎಂದು ತನಗೆ ತಾನೇ ಹೇಳಿಕೊಂಡಿದ್ದ. ಇಲ್ಲಿಗೆ ಬರುವ ಮೊದಲು ದುಬೈಯಲ್ಲಿ ಎಷ್ಟೋ ವರ್ಷ ಇದ್ದವನು, ಊರಿನ ರೀತಿ ಬಿಟ್ಟುಹೋಗಿರಬೇಕು ಎಂದುಕೊಂಡಿದ್ದ. ಮರೆತಿರಲಿಲ್ಲ. ತನ್ನ ಬೇಡ ಕನಿಷ್ಠ ಒಬ್ಬನಿಗೆ ಸರಿಯಾಗಿ ಕೇಳಿಸಿತ್ತು. ಆಮೇಲೆ ನಿಧಾನವಾಗಿ ಸಿಟ್ಟೂ ಬಂತು.

"ಈಗ ಕೇಳ್ತಿದೀನಿ," ಎಂದ ಡಿಂಡೊ. "ಜೂನ್‌ನಿಂದ ನೀನು ಮ್ಯಾನೇಜರ್ ಆಗು. ನನ್ನ ಸರದಿ ಆಮೇಲೆ ಬರುತ್ತೆ. ಜೊಸೆಲ್‌ಗೂ ಹೇಳಿದೀನಿ."

"ಜೊಸೆಲ್ ಏನಂದ್ಲು?" ಮಾರಿವಿಕ್ ತಿರುಗದೆಯೇ ಕೇಳಿದಳು.

"ಅತ್ಲು," ಎಂದ ಡಿಂಡೊ. "ಆಮೇಲೆ ಹೋಗಿ ಹೇಳು ಅಂದ್ಲು."

ರೆನಾಂತೆಯ ಬಾಯಿ ತೆರೆಯಿತು. ಬೇಡ ಎನ್ನುವ ಮಾತು ಅಲ್ಲಿ ಆಗಲೇ ಬಂದು ನಾಲಿಗೆಯ ತುದಿಯಲ್ಲಿ ಕೂತಿತ್ತು. ಛೆ, ಬೇಡ, ನಿನಗೆ ಚಿಕ್ಕ ಮಗು ಇದೆ. ಅದೇ ಮಾತು, ಅದೇ ದನಿ. ಅವನು ಬಾಯಿ ಮುಚ್ಚಿಕೊಂಡ. ಇದನ್ನು ಎಷ್ಟನೆಯ ಸಲ ಎಂದು ಲೆಕ್ಕ ಹಿಡಿಯುವುದು? ಒಂದು ವರ್ಷ ತಡವಾಗಿ ಬಂದ ಮೂರನೆಯ ಸಲವಾದರೆ ಹೂಂ ಎನ್ನುವುದೇ ಮರ್ಯಾದೆ. ಇಂದು ಹೊಸದಾಗಿ ಕರೆದ ಮೊದಲನೆಯ ಸಲವಾದರೆ ಬೇಡ ಎನ್ನುವುದು ಮರ್ಯಾದೆ. ಬಾಗಿಲಲ್ಲಿ ನಿಂತವನೂ, ಯಾರಿಗೆ ಗೊತ್ತು, ಒಂದು ಬೇಡಕ್ಕಾಗಿ ಉಸಿರು ಹಿಡಿದು ಕಾಯುತ್ತಿರಬಹುದು. ರೆನಾಂತೆ ಅವನ ಕಣ್ಣನ್ನು ನೋಡಿದ. ಅಲ್ಲಿ ಎರಡೂ ಇದ್ದವು. ಕೊಡುವ ಮನಸ್ಸೂ ಇತ್ತು, ತಗೊಳ್ಳದಿರಲಿ ಎನ್ನುವ ಆಸೆಯೂ ಇತ್ತು. ಕರು ಕೊಟ್ಟಿಗೆಯ ಹಿಂದೆ ತನ್ನ ಕಣ್ಣಲ್ಲೂ ಇವೆರಡೂ ಇದ್ದಿರಬೇಕು.

ಮಾರಿವಿಕ್ ಒಲೆಯ ಮುಂದೆ ಅಲುಗಾಡದೆ ನಿಂತಿದ್ದಳು. ಅವಳ ಬೆನ್ನು ಕೇಳಿಸಿಕೊಳ್ಳುತ್ತಿತ್ತು.

"ಆಗ್ಲಿ," ಎಂದ ರೆನಾಂತೆ. "ಆಗ್ಲಿ, ಪಾರೆ. ಕೊಡು. ತಗೋತೀನಿ."

ಇಷ್ಟು ಬೇಗ ಮುಗಿಯುತ್ತದೆ ಎಂದು ಡಿಂಡೊ ಎಣಿಸಿರಲಿಲ್ಲ. ಕೈಯಲ್ಲಿದ್ದ ಟೋಪಿಯನ್ನು ಎಲ್ಲಿಡುವುದೆಂದು ತಿಳಿಯದವನ ಹಾಗೆ ಸುತ್ತ ನೋಡಿ, "ಸರಿ," ಎಂದ. "ಸೋಮವಾರ ಇಬ್ರೂ ಹೋಗಿ ಗ್ರೇಮ್‌ಗೆ ಹೇಳೋಣ."

ಮಾರಿವಿಕ್ ಈಗ ತಿರುಗಿದಳು. ಬಾ ಎನ್ನಲಿಲ್ಲ, ಊಟ ಮಾಡು ಎನ್ನಲಿಲ್ಲ. ಕಪಾಟಿನಿಂದ ಒಂದು ತಟ್ಟೆ ತೆಗೆದು ಮೇಜಿನ ಮೇಲಿಟ್ಟು, ಅನ್ನ ಹಾಕಿ, ಅದರ ಮೇಲೆ ಹುಳಿ ಸುರಿದು, ದೊಡ್ಡ ಮಾಂಸದ ತುಂಡನ್ನು ಹುಡುಕಿ ಮೇಲಿಟ್ಟಳು. ಕುರ್ಚಿಯನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದಳು. ಡಿಂಡೊ ಬಂದು ಕೂತ. ಬೆಳಗಿನಿಂದ ಅವನು ಏನೂ ತಿಂದಿರಲಿಲ್ಲ ಎನ್ನುವುದು ಎರಡನೆಯ ತುತ್ತಿಗೇ ಗೊತ್ತಾಯಿತು. ಮೂವರೂ ಉಂಡರು. ಹುಳಿ ಸ್ವಲ್ಪ ಹೆಚ್ಚಾಗಿದೆ ಎಂದು ಡಿಂಡೊ ಹೇಳಿದ. ಹೆಚ್ಚಾದರೆ ಜೊಸೆಲ್ ಹತ್ತಿರ ಮಾಡಿಸಿಕೋ ಎಂದು ಮಾರಿವಿಕ್ ಹೇಳಿದಳು. ಮೀನಿನ ತಟ್ಟೆಯಲ್ಲಿ ಕೊನೆಯದೊಂದು ಉಳಿಯಿತು, ಎಂದಿನಂತೆ ಅದನ್ನು ಯಾರೂ ಮುಟ್ಟಲಿಲ್ಲ. ಅವಳು ಡಿಂಡೊನ ಮನೆಗೆಂದು ಒಂದು ಡಬ್ಬಿಗೆ ಹುಳಿ ತುಂಬಿಸಿ, ಆ ಮೀನನ್ನೂ ಮೇಲಿಟ್ಟು ಮುಚ್ಚಿದಳು.

ಮಧ್ಯಾಹ್ನದ ಹಾಲಿನ ಹೊತ್ತಾಗಿತ್ತು. ಇಬ್ಬರೂ ಬಾಗಿಲ ಹೊರಗೆ ಬಗ್ಗಿ ಗಂಬೂಟು ಏರಿಸಿಕೊಂಡು, ಜಾಕೆಟ್ಟಿನ ಜಿಪ್ಪು ಕುತ್ತಿಗೆಯವರೆಗೆ ಎಳೆದುಕೊಂಡು ಅಂಗಳಕ್ಕೆ ಬಂದರು. ಗಾಳಿ ದಕ್ಷಿಣದಿಂದ ಬೀಸತೊಡಗಿ ತಣ್ಣಗಾಗಿತ್ತು.

"ಆ ಬಾತ ಕೆಚ್ಚಲಿನದನ್ನ ಮೊದ್ಲು ಬೇರೆ ಮಾಡ್ಬೇಕು," ಎಂದ ರೆನಾಂತೆ.

"ಮಾಡೋಣ," ಎಂದ ಡಿಂಡೊ.

ಬೈಕು ಬೇಲಿಯ ಪಕ್ಕ ನಿಂತಿತ್ತು. ನಾಯಿ ಅವರಿಗಿಂತ ಮೊದಲು ಓಡಿ, ಹಿಂದಿನ ಕಬ್ಬಿಣದ ಚೌಕಟ್ಟಿನ ಮೇಲೆ ನೆಗೆದು ಕೂತಿತು. ಡಿಂಡೊ ಎಡಗಡೆ ಬಂದು ನಿಂತ. ರೆನಾಂತೆ ಬಲಗಡೆ ಬಂದು ನಿಂತ. ಜೂನ್‌ಗೆ ಇನ್ನೂ ಸಮಯವಿತ್ತು. ಡಿಂಡೊ ಓಡಿಸುವ ಸೀಟಿನ ಮೇಲೆ ಕೈ ಇಟ್ಟು, ತೆಗೆದ. ರೆನಾಂತೆ ಅರ್ಧ ಹೆಜ್ಜೆ ಹಿಂದೆ ಸರಿದ. ನಾಯಿ ಒಬ್ಬನ ಮುಖ ನೋಡಿತು, ಇನ್ನೊಬ್ಬನ ಮುಖ ನೋಡಿತು. ದೂರದ ಗೇಟಿನ ಹತ್ತಿರ ಹಸುಗಳು ಸಾಲುಗಟ್ಟಿ ಬಂದು ನಿಂತು ಕೂಗತೊಡಗಿದ್ದವು. ಇಬ್ಬರೂ ಇನ್ನೂ ಹತ್ತಿರಲಿಲ್ಲ.